ಒಂದು ಗಿರಣಿ, ಎರಡು ಬಾಗಿಲು

ಹಾವೇರಿಯ ಹಳೆಯ ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ನಮ್ಮ ಓಣಿಯಲ್ಲಿ ‘ಜವಾನ ಖಾರದ ಗಿರಣಿ’ ಎಂಬ ಫಲಕ ತೂಗುತ್ತಿದೆ. ಫಲಕದ ಎಡಬದಿಗೆ ಸಮವಸ್ತ್ರ ತೊಟ್ಟು ಸೆಲ್ಯೂಟ್ ಹೊಡೆಯುತ್ತಿರುವ ಸೈನಿಕನೊಬ್ಬನ ಭಾವಚಿತ್ರವಿದೆ, ಬಲಬದಿಗೆ ಕೆಂಪು ಮೆಣಸಿನಕಾಯಿಯ ರಾಶಿ, ಕೆಳಗೆ ‘ಸ್ಥಾಪನೆ: ೨೦೨೪’ ಎಂಬ ಬರಹ. ಈ ಇಸವಿ ತಪ್ಪು. ಗಿರಣಿ ಆರಂಭವಾದದ್ದು ೨೦೨೩ನೆಯ ಇಸವಿ ಫೆಬ್ರುವರಿ ೧೫ರಂದು, ಬುಧವಾರ. ಆರಂಭಿಸಿದವನು ಚಿತ್ರದಲ್ಲಿರುವ ಆ ಸೈನಿಕನೇ. ಇಂದು ಅಲ್ಲಿ ಅವನದೆಂದು ಉಳಿದಿರುವುದು ಆ ಚಿತ್ರವೊಂದೇ. ಅದನ್ನೂ ಅವನನ್ನು ಕೇಳಿ ಉಳಿಸಿಕೊಂಡದ್ದಲ್ಲ. ಫಲಕ ತಪ್ಪು ಹೇಳುತ್ತಿರುವಾಗ ಸರಿಯಾದದ್ದನ್ನು ಯಾರಾದರೂ ಬರೆದಿಡಬೇಕು.

ಅವನ ಹೆಸರು ಫಕ್ಕೀರಪ್ಪ ಭರಮಣ್ಣ ತಳವಾರ. ಊರು ಕರ್ಜಗಿ. ಅಲ್ಲಿಯ ಶಾಲೆಯಲ್ಲಿ ಅವನು ನನ್ನ ವಿದ್ಯಾರ್ಥಿ. ಹುಟ್ಟಿದ ದಿನ ಶಾಲೆಯ ದಾಖಲೆಯಂತೆ ೧೯೮೬ನೆಯ ಇಸವಿ ಜೂನ್ ೧. ಆ ಕಾಲದಲ್ಲಿ ಅರ್ಧ ಊರೇ ಜೂನ್ ಒಂದರಂದು ಹುಟ್ಟಿದ್ದರಿಂದ ಈ ತಾರೀಖಿಗೆ ನಾನು ಹೊಣೆಯಲ್ಲ. ಶಿರಹಟ್ಟಿಯ ಫಕ್ಕೀರೇಶ್ವರನಿಗೆ ತಾಯಿ ಹರಕೆ ಹೊತ್ತು ಹಡೆದ ಮಗನಾದ್ದರಿಂದ ಆ ಹೆಸರು. ತಂದೆ ಭರಮಣ್ಣ ಊರಿನ ತಳವಾರಿಕೆ ಮಾಡುತ್ತಿದ್ದವನು. ಚಾವಡಿಯ ಮೆಟ್ಟಿಲ ಮೇಲೆ ಕೋಲು ಹಿಡಿದು ಕುಳಿತು, ಬಂದವರಿಗೆಲ್ಲ ಎದ್ದು ನಿಂತು, ಎದ್ದು ನಿಂತೇ ಮುದುಕನಾದವನು.

ಫಕ್ಕೀರಪ್ಪ ೨೦೦೪ರ ಸೆಪ್ಟೆಂಬರಿನಲ್ಲಿ ಸೈನ್ಯ ಸೇರಿದ. ವಾಹನ ದುರಸ್ತಿಯ ವಿಭಾಗದಲ್ಲಿ ಜೋಧಪುರದಿಂದ ತವಾಂಗದವರೆಗೆ ದುಡಿದು ೨೦೨೧ನೆಯ ಇಸವಿ ಸೆಪ್ಟೆಂಬರ್ ೩೦ರಂದು, ಗುರುವಾರ, ಹವಾಲ್ದಾರನಾಗಿ ನಿವೃತ್ತನಾದ. ಮರುತಿಂಗಳು ನಮ್ಮ ಮನೆಗೆ ಬಂದಾಗ ಕೂದಲು ಕಿವಿಯ ಮೇಲೆ ನರೆತಿತ್ತು, ನಡಿಗೆ ಮಾತ್ರ ಕವಾಯತಿನದೇ ಆಗಿತ್ತು. “ಮುಂದೇನು?” ಎಂದು ಕೇಳಿದೆ. ಆ ಪ್ರಶ್ನೆಗೆ ಉತ್ತರವನ್ನು ಅವನು ರೈಲಿನಲ್ಲೇ ಸಿದ್ಧಪಡಿಸಿಕೊಂಡು ಬಂದಿದ್ದಂತೆ ಕಂಡಿತು.

“ಗುರುಗಳ, ನಮ್ಮಪ್ಪ ಊರ ಕಾದ. ನಾ ದೇಶ ಕಾದೆ. ಇನ್ನ ಮ್ಯಾಲ ಯಾರ ಬಾಗಲಾನೂ ಕಾಯಾಂವಲ್ಲ ನಾ. ಸಣ್ಣದಿದ್ರೂ ಅಡ್ಡಿಯಿಲ್ಲ, ನನ್ನ ಬಾಗಲಾ ನನಗ ಬೇಕು.”

ಹೀಗೆ ಹೇಳಲು ಅವನಿಗೆ ಕಾರಣವಿತ್ತು. ಈ ಭಾಗದಲ್ಲಿ ಸೈನ್ಯದಿಂದ ಮರಳಿದವರ ಗತಿ ಒಂದೇ: ಬ್ಯಾಂಕಿನ ಬಾಗಿಲು, ಎ.ಟಿ.ಎಂ. ಬಾಗಿಲು, ರಾಣೆಬೆನ್ನೂರಿನ ಬೀಜದ ಕಂಪನಿಗಳ ಬಾಗಿಲು. ನಿನ್ನೆಯವರೆಗೆ ಗಡಿಯಲ್ಲಿದ್ದವನು ಇಂದು ಬೇರೊಬ್ಬರು ಹೊಲಿಸಿದ ನೀಲಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾನೆ.

ಇದನ್ನು ಬದಲಿಸಬೇಕೆಂದು ಹೊರಟವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಸಿದ್ದಲಿಂಗೇಶ ಸಾಹುಕಾರರು. ಅವರ ತಮ್ಮನೂ ಸೈನಿಕನಾಗಿದ್ದ. ನಿವೃತ್ತಿಯ ಮೇಲೆ ಹುಬ್ಬಳ್ಳಿಯ ಎ.ಟಿ.ಎಂ. ಒಂದರ ಮುಂದೆ ಕುಳಿತು, ಕುಳಿತಲ್ಲೇ ಪ್ರಾಣ ಬಿಟ್ಟ. ಆ ದುಃಖದಲ್ಲಿ ಸಾಹುಕಾರರು ‘ಮಾಜಿ ಸೈನಿಕರ ಸ್ವಉದ್ಯೋಗ ನೆರವು ವೇದಿಕೆ’ಯನ್ನು ಕಟ್ಟಿದರು. ಅವರ ನೆರವು ಬಾಯಿಮಾತಿನದಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ರಾಣೆಬೆನ್ನೂರಿನಲ್ಲಿ ಒಬ್ಬನಿಗೆ ಬ್ಯಾಟರಿ ಅಂಗಡಿ ಹಾಕಿಸಿಕೊಟ್ಟರು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಇನ್ನೊಬ್ಬನಿಗೆ ಚಹಾದ ಕ್ಯಾಂಟೀನು. ಫಕ್ಕೀರಪ್ಪನಿಗೆ ಹಾವೇರಿಯಲ್ಲಿದ್ದ ತಮ್ಮ ಹಳೆಯ ಗೋದಾಮನ್ನೇ ಬಿಟ್ಟುಕೊಟ್ಟು, ಕಬ್ಬಿಣದ ಒನಕೆಗಳು ಎದ್ದು ಬೀಳುವ ಖಾರ ಕುಟ್ಟುವ ಯಂತ್ರವೊಂದನ್ನು ವೇದಿಕೆಯಿಂದ ಕೊಡಿಸಿದರು. ನಿಬಂಧನೆ ಒಂದೇ ಇತ್ತು: ಗಿರಣಿ ನಡೆಯುವವರೆಗೆ ಅದು ಫಕ್ಕೀರಪ್ಪನದು, ನಡೆಯದಿದ್ದರೆ ವೇದಿಕೆ ಅದನ್ನು ಮತ್ತೊಬ್ಬರಿಗೆ ಕೊಡುತ್ತದೆ. ಉದ್ಘಾಟನೆಯನ್ನು ಬುಧವಾರ ಇಟ್ಟುಕೊಂಡದ್ದು ಕೂಡ ಸಾಹುಕಾರರ ಸಲುವಾಗಿ. ಸೋಮವಾರ, ಗುರುವಾರ ಬ್ಯಾಡಗಿ ಪೇಟೆಯ ದಿನಗಳಾದ್ದರಿಂದ ಅವರು ಊರು ಬಿಟ್ಟು ಕದಲುವಂತಿರಲಿಲ್ಲ.

ಅಂದು ರಿಬ್ಬನ್ ಕತ್ತರಿಸಿದ ಮೇಲೆ ಸಾಹುಕಾರರು ಅವನ ಬೆನ್ನು ತಟ್ಟಿ ಹೇಳಿದರು: “ಫಕ್ಕೀರಪ್ಪಾ, ನೀ ಇನ್ನ ಮಾಲಕ. ಯಾರಿಗೂ ಎದ್ದು ನಿಂದ್ರಬ್ಯಾಡ.”

ಅವನು ಎದ್ದು ನಿಂತೇ “ಹೌದ್ರಿ ಸಾವ್ಕಾರ್ರ” ಎಂದ. ಎಲ್ಲರೂ ನಕ್ಕರು.

ಖಾರದ ಗಿರಣಿಯ ರೀತಿಯನ್ನು ಅರಿಯದವರಿಗಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕು. ನಮ್ಮ ಕಡೆ ವರ್ಷದ ಖಾರವನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ, ಮಾಳಿಗೆಯ ಮೇಲೆ ಒಣಗಿಸಿ, ನಾಲ್ಕಾರು ಮನೆಯ ಹೆಂಗಸರು ಕೂಡಿಕೊಂಡೇ ಗಿರಣಿಗೆ ಬರುತ್ತಾರೆ. ಆ ಮೂರು ತಿಂಗಳು ದುಡಿದರೆ ಗಿರಣಿಯವನ ವರ್ಷ ಸಾಗಿತು. ಆದರೆ ಯಾವ ಗಿರಣಿಯ ಗೋಡೆಯ ಮೇಲೂ ಬರೆದಿರದ ಒಂದು ಕಟ್ಟಳೆ ಊರಿನ ಎಲ್ಲ ಗಿರಣಿಗಳಲ್ಲೂ ನಡೆಯುತ್ತದೆ. ಬೆಳಗಿನ ಹೊತ್ತು ಕೆಲವು ಮನೆಗಳವರದು. ಊಟದ ಹೊತ್ತು ಇಳಿದ ಮೇಲೆ ಉಳಿದವರದು. ಮಾಂಸದಡುಗೆಯ ಮನೆಯವರು, ಮುಸಲ್ಮಾನರು, ಕೇರಿಯವರು ಬೆಳಿಗ್ಗೆ ಬಂದರೆ ಗಿರಣಿಯವನು “ಕರೆಂಟ್ ಇಲ್ಲ, ಮಧ್ಯಾಹ್ನ ಬರ್ರಿ” ಎನ್ನುತ್ತಾನೆ. ಕರೆಂಟು ಇರುತ್ತದೆ. ಬಂದವರಿಗೂ ಅದು ಗೊತ್ತಿರುತ್ತದೆ. ಅವರು ಮಧ್ಯಾಹ್ನ ಬರುತ್ತಾರೆ. ಇದನ್ನು ಯಾರೂ ಆಡುವುದಿಲ್ಲವಾದ್ದರಿಂದ ಇದರ ಬಗ್ಗೆ ಜಗಳವೂ ಆಗುವುದಿಲ್ಲ.

ಸೈನ್ಯದಲ್ಲಿ ಇಷ್ಟು ಕಾಲ ಕಳೆದು ಬಂದ ಫಕ್ಕೀರಪ್ಪ ಮಾಡಿದ ಮೊದಲ ಕೆಲಸವೇ ಈ ಕಟ್ಟಳೆಯ ಬುಡಕ್ಕೆ ಬಿತ್ತು. ಎಣ್ಣೆಯ ಹಳೆಯ ಡಬ್ಬಿಗಳನ್ನು ಕತ್ತರಿಸಿ, ಅಂಚು ತಿಕ್ಕಿ ನುಣುಪು ಮಾಡಿ, ಉಳಿಯಿಂದ ಅಂಕಿ ಕೊರೆದು ತಗಡಿನ ಬಿಲ್ಲೆಗಳನ್ನು ಮಾಡಿದ. ಬಂದವರಿಗೆ ಬಂದ ಕ್ರಮದಲ್ಲಿ ಒಂದೊಂದು ಬಿಲ್ಲೆ. ಬಿಲ್ಲೆಯ ಅಂಕಿಯಂತೆ ಪಾಳಿ. ಪ್ರತಿಯೊಬ್ಬರ ಪಾಳಿ ಮುಗಿದ ಮೇಲೆ ಒರಳನ್ನು ಒಣಬಟ್ಟೆಯಿಂದ ಒರೆಸಿ ಮುಂದಿನವರದನ್ನು ಹಾಕುತ್ತಿದ್ದ.

“ಇದೇನೋ ಮಿಲ್ಟ್ರಿ, ರೇಶನ್ ಅಂಗಡಿ ಮಾಡಿಬಿಟ್ಟಿ” ಎಂದು ಹೆಂಗಸರು ಮೊದಲು ನಗುತ್ತಿದ್ದರು. ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹರಟುತ್ತಿದ್ದರು. ಅವನ ಹೆಂಡತಿ ಪ್ರೇಮವ್ವ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಘಾಟಿಗೆ ಸೀನುತ್ತ, ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಪುಡಿಯ ಬಣ್ಣ ಸೊಗಸಾಗಿ ಬರುತ್ತಿತ್ತು. ಯುಗಾದಿಯ ಹೊತ್ತಿಗೆ ಓಣಿಯಲ್ಲಿ ಸೈಕಲ್ಲು ಹೋಗಲೂ ಜಾಗವಿಲ್ಲದಷ್ಟು ಬುಟ್ಟಿಗಳು ಸಾಲುಗಟ್ಟಿದವು.

ಆಮೇಲೆ ೨೦೨೩ನೆಯ ಇಸವಿ ಏಪ್ರಿಲ್ ೪, ಮಂಗಳವಾರ ಬಂತು.

ರಂಜಾನ್ ನಡೆದಿತ್ತು. ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಸಿಮ್ರಾನ ಎಂಬ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಒಲೆ ಹೂಡಿ ಬದುಕು ಕಟ್ಟಿಕೊಂಡವಳು, ಉಪವಾಸದಲ್ಲಿ ಬಿಸಿಲೇರುವ ಮೊದಲೇ ಕೆಲಸ ಮುಗಿಸೋಣವೆಂದು ಬೆಳಿಗ್ಗೆಯೇ ಬಂದಿದ್ದಳು. ಅವಳ ಕೈಗೆ ಮೂರನೆಯ ಬಿಲ್ಲೆ ಬಂತು. ಅವಳ ಹಿಂದೆಯೇ ಬಂದವರು ನಮ್ಮ ಓಣಿಯ ವಕೀಲರ ಪತ್ನಿ ಶ್ರೀದೇವಿಬಾಯಿಯವರು, ಜೊತೆಗೆ ಮೂರು ಮನೆಯ ಹೆಂಗಸರು. ಶ್ರೀದೇವಿಬಾಯಿಯವರದು ನಾಲ್ಕನೆಯ ಬಿಲ್ಲೆ. ನಾನು ಎದುರಿನ ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದೆ.

“ಫಕ್ಕೀರಪ್ಪಾ, ನಮ್ದು ಮೊದಲ ಹಾಕಿಬಿಡಪಾ, ಮನ್ಯಾಗ ಪೂಜಿ ಐತಿ” ಎಂದರು ಶ್ರೀದೇವಿಬಾಯಿ.

“ನಿಮ್ದು ನಾಕ್ರಿ ಬಾಯಾರ. ಮೂರು ಆದ ಕೂಡ್ಲೇ ನಿಮ್ದ.”

“ಅಲ್ಲೋ… ಅವರದು ಆದ ಮ್ಯಾಲ ನಮ್ದು ಹೆಂಗ ಹಾಕ್ತೀಯೋ?”

ಬೇರೆ ಯಾವ ಗಿರಣಿಯವನಾದರೂ ಇಲ್ಲಿಗೆ ಅರ್ಥ ಮಾಡಿಕೊಂಡು ತಲೆ ತಗ್ಗಿಸುತ್ತಿದ್ದ. ಫಕ್ಕೀರಪ್ಪ ಕೇಳಬಾರದ್ದನ್ನು ಕೇಳಿದ.

“ಹೆಂಗ ಅಂದ್ರ ಏನ್ರಿ?”

ಅದುವರೆಗೆ ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಈಗ ಶ್ರೀದೇವಿಬಾಯಿಯವರು ಹತ್ತು ಜನರ ಮುಂದೆ ಹೇಳಬೇಕಾಯಿತು. ಅವರ ಮುಖ ಕೆಂಪಾಯಿತು. “ಅವರದು ಮಸಾಲಿ ಖಾರ. ನಾವು ದಿನಾ ಲಿಂಗಪೂಜಿ ಮಾಡೋ ಮಂದಿ. ನಿನಗ ಗೊತ್ತಿಲ್ಲೇನು?”

“ಮಸಾಲಿ ಇಲ್ರಿ ಅಕ್ಕಾರ, ಬರೇ ಕಾಯಿ ಐತಿ. ನೀವು ತಂದ ಅಂಗಡ್ಯಾಗಿನದ” ಎಂದು ಸಿಮ್ರಾನ ಚೀಲದ ಬಾಯಿ ತೆರೆದು ತೋರಿಸಿದಳು. ಯಾರೂ ಅತ್ತ ನೋಡಲಿಲ್ಲ. ಅವಳು ಫಕ್ಕೀರಪ್ಪನ ಕಡೆ ತಿರುಗಿ, “ಅವರದ ಮೊದಲ ಹಾಕ್ರಿ ಭಾಯಿ. ನಾ ನಿಂದರ್ತೀನಿ, ನನಗೇನ ಅವಸರಿಲ್ಲ” ಎಂದಳು.

“ಆಪಾ, ನಿಮ್ಮ ಬಿಲ್ಲೆ ಮೂರು. ತರ್ರಿ ಇಲ್ಲೆ.”

ಅವಳ ಕೈಯಿಂದ ಚೀಲವನ್ನು ಅವನೇ ತೆಗೆದುಕೊಂಡು ಒರಳಿಗೆ ಸುರಿದ. ಒನಕೆಗಳು ದಡದಡನೆ ಬೀಳತೊಡಗಿದವು. ಆ ಸದ್ದಿನಲ್ಲಿ ಶ್ರೀದೇವಿಬಾಯಿಯವರು ಏನು ಹೇಳಿದರೋ ಕೇಳಲಿಲ್ಲ. ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟು ಬುಟ್ಟಿ ಎತ್ತಿಕೊಂಡು ನಡೆದರು. ಮೂವರೂ ಅವರ ಹಿಂದೆ ಹೊರಟರು. ಅದಕ್ಕೂ ಹಿಂದಿದ್ದ ಇಬ್ಬರು, ಯಾರ ಪಕ್ಷದವರೂ ಅಲ್ಲದವರು, ಒಬ್ಬರ ಮುಖ ಒಬ್ಬರು ನೋಡಿಕೊಂಡು, “ನಾಳಿ ಬರ್ತೇವಪಾ” ಎಂದರು.

ಆ ನಾಳೆ ಬರಲಿಲ್ಲ. ಕಲ್ಲು ತೂರುವವರು, ಕೂಗಾಡುವವರು ನಮ್ಮ ಊರಿನಲ್ಲಿ ಇಲ್ಲವೆಂದಲ್ಲ. ಆದರೆ ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಜನ ಎಂದಿನಂತೆ ಅವನಿಗೆ ನಮಸ್ಕಾರ ಹೇಳಿದರು, ಆರೋಗ್ಯ ವಿಚಾರಿಸಿದರು, ಗಡಿಯಲ್ಲಿ ಚಳಿ ಎಷ್ಟಿರುತ್ತದೆಂದು ಕೇಳಿದರು, ಖಾರದ ಬುಟ್ಟಿ ಹೊತ್ತುಕೊಂಡು ಮುಂದಿನ ಓಣಿಯ ಗಿರಣಿಗೆ ಹೋದರು. ಕೇರಿಯ ಕೆಲವರು, ಮುಸಲ್ಮಾನರ ಕೆಲವು ಮನೆಯವರು ಒಂದೆರಡು ವಾರ ಬಂದರು. ಬೆಳಿಗ್ಗೆಯೇ ಬರಲು ಅವರಿಗೆ ಮೊದಮೊದಲು ಖುಷಿಯಿತ್ತು. ಬರಬರುತ್ತ ಅವರಿಗೂ ಅಂಜಿಕೆ ಹತ್ತಿತು. ಮುಂದಿನ ಓಣಿಯ ಗಿರಣಿಯವನು “ಮಿಲ್ಟ್ರಿಯವನ ಕಡೆ ಹೋಗೂದಿದ್ರ ಮಧ್ಯಾಹ್ನಾನೂ ಇತ್ತಾಗ ಬರಬ್ಯಾಡ್ರಿ” ಎಂದು ಒಬ್ಬಿಬ್ಬರಿಗೆ ಹೇಳಿದ್ದನಂತೆ. ಏಪ್ರಿಲ್ ಮುಗಿಯುವ ಮೊದಲೇ ಪ್ರೇಮವ್ವ ಜರಡಿಯನ್ನು ಗೋಡೆಗೆ ತೂಗುಹಾಕಿದಳು.

ಮೇ ತಿಂಗಳಲ್ಲಿ ಸಿದ್ದಲಿಂಗೇಶ ಸಾಹುಕಾರರು ಬಂದರು. ಗಿರಣಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಹಿರಿಯನೆಂದು ನನ್ನನ್ನೂ ಕರೆದರು.

“ನೋಡಪಾ, ನಾ ನಿನಗ ಧರ್ಮ ಕಲಸಾಕ ಬಂದಿಲ್ಲ, ಧಂದೇ ಕಲಸಾಕ ಬಂದೇನಿ. ಹಿಂದಿನ ಓಣ್ಯಾಗ ಒಂದ ಬಾಗಲಾ ಒಡಸ್ತೀನಿ. ಇನ್ನೊಂದ ಮಷೀನ ಕೂಡಸ್ತೀನಿ, ವೇದಿಕೀದ ಖರ್ಚು. ಮುಂದಿನ ಬಾಗಲಾ ಇವರಿಗೆ, ಹಿಂದಿನದು ಅವರಿಗೆ. ಯಾರಿಗೂ ತ್ರಾಸಿಲ್ಲ.”

“ಹಿಂದಿನ ಬಾಗಲಾ ಯಾರಿಗಂತ ಬೋರ್ಡ್ ಬರಸೂದ್ರಿ?”

“ಬೋರ್ಡ್ ಯಾಕೋ ಹುಚ್ಚಾ? ಅವರಿಗೇ ತಿಳೀತೈತಿ.”

ಫಕ್ಕೀರಪ್ಪ ಸಾಹುಕಾರರನ್ನು ನೋಡದೆ, ಯಂತ್ರವನ್ನು ನೋಡುತ್ತ ಹೇಳಿದ.

“ಸಾವ್ಕಾರ್ರ, ಕರ್ಜಗ್ಯಾಗ ಸಣ್ಣಾಂವಿದ್ದಾಗ ನಮ್ಮವ್ವ ನನ್ನ ಜ್ವಾಳ ಕೊಟ್ಟ ಗಿರಣಿಗೆ ಕಳಸ್ತಿದ್ಲು. ನಾ ಹೋಗಾವ, ಎಲ್ಲಾರಕಿಂತ ಮೊದಲ. ಗಿರಣ್ಯಾಂವ ‘ನೀ ತಡೀಲೇ’ ಅಂತಿದ್ದ. ಆಮ್ಯಾಲ ಬಂದಾವ್ರದು ಆಗ್ತಿತ್ತು, ಅವರ ಆಮ್ಯಾಲ ಬಂದಾವ್ರದೂ ಆಗ್ತಿತ್ತು. ನಾ ತಡದ ನಿಂದರ್ತಿದ್ದೆ. ಎಲ್ಲಾರ ಹಿಟ್ಟು ನನ್ನ ಮ್ಯಾಲ ಹಾರಿ ಬೆಳ್ಳಗಾಗಿ ಮನೀಗೆ ಹೋಗ್ತಿದ್ದೆ. ನಮ್ಮವ್ವ, ‘ಎಷ್ಟ ಮಂದೀದು ಬೀಸಿ ಬಂದ್ಯೋ’ ಅಂತ ನಗ್ತಿದ್ಲು. ಆ ಗಿರಣ್ಯಾಂವ ಆಗೂದ ನನಗ ಆಗೂದಿಲ್ರಿ.”

“ಅದು ಆಗಿನ ಮಾತು.”

“ನಾ ಈಗ ಕಂಡೇನ್ರಿ ಅದನ್ನ.”

ಸಾಹುಕಾರರು ಎದ್ದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ತಾವು ಎತ್ತಿ ನಿಲ್ಲಿಸಿದವನು ತಮ್ಮ ಕೈಯನ್ನೇ ಕೊಡವಿಕೊಂಡನೆಂಬ ನೋವು. “ಎ.ಟಿ.ಎಂ. ಮುಂದ ಕುಂದ್ರಸಬಾರ್ದಂತ ಕರಕೊಂಡ ಬಂದೆ. ನೀ ನಿನ್ನ ಕಾಲಲೇ ಅತ್ತಾಗ ನಡದೀಯಲ್ಲೋ” ಎಂದು ಹೇಳಿ ಕಾರು ಹತ್ತಿದರು.

ಅವರು ಹೋದ ಮೇಲೆ ಪ್ರೇಮವ್ವ ಒಳಗಿನಿಂದ ಹೊರಗೆ ಬಂದಳು. ನಾನಿರುವುದನ್ನೂ ಲೆಕ್ಕಿಸಲಿಲ್ಲ.

“ಎರಡ ಬಾಗಲಾ ಆದ್ರ ಏನ ಗಂಟು ಹೋಗತೈತಿ ನಿಂದು? ಲಗ್ನ ಆದಾಗಿಂದ ನಾ ಪಾಳಿ ಹಚ್ಚೇನಿ. ಪತ್ರಾಕ ಪಾಳಿ, ಸೂಟಿಗೆ ಪಾಳಿ, ಎರಡ ಬಾಣಂತನ ನಿನ್ನ ದಾರಿ ನೋಡಕೋತನ ಮುಗದ್ವು. ಯಾರರ ನನಗ ಬಿಲ್ಲೆ ಕೊಟ್ರೇನು? ಊರ ಮಂದೀದೆಲ್ಲಾ ಪಾಳಿ ನೋಡ್ತಿ. ನನ್ನ ಪಾಳಿ ಯಾವಾಗ ಬರತೈತಿ, ಅದನ್ನಷ್ಟ ಹೇಳು.”

ಅವನು ಸಾಹುಕಾರರು ಕುಳಿತಿದ್ದ ಕುರ್ಚಿಯನ್ನು ಎತ್ತಿ ಒಳಗಿಟ್ಟ.

ಇದೆಲ್ಲದರ ನಡುವೆ ಸಿಮ್ರಾನ ಮಾತ್ರ ಬರುತ್ತಲೇ ಇದ್ದಳು. ಖಾನಾವಳಿಗೆ ಬೇಕಾದ ಖಾರ ವಾರಕ್ಕೊಮ್ಮೆ. ಪಾಳಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಅವನು ಅವಳಿಗೆ ಒಂದನೆಯ ಬಿಲ್ಲೆ ಕೊಡುತ್ತಿದ್ದ. ಅವಳು ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಮತ್ತೆ ಮುಂದೆ ಬಂದು ಬಿಲ್ಲೆ ಕೊಡುತ್ತಿದ್ದಳು. ನೋಡುವವರಿಗೆ ಅದು ಮಕ್ಕಳಾಟದಂತೆ ಕಾಣುತ್ತಿತ್ತು. ಜುಲೈ ತಿಂಗಳ ಒಂದು ದಿನ ಅವಳು ಚೀಲವಿಲ್ಲದೆ ಬಂದಳು.

“ಭಾಯಿ, ನಾಳಿಂದ ನಾ ಬರೂದಿಲ್ರಿ.”

“ಯಾಕ ಆಪಾ? ಯಾರರ ಅಂದ್ರೇನು?”

“ಎಲ್ಲಾರೂ ಅಂತಾರ್ರಿ. ‘ಈಕೀ ಸಂಬಂಧ ಮಿಲ್ಟ್ರಿ ಗಿರಣಿ ಮುಚ್ಚಿತು’ ಅಂತ ಬಜಾರದಾಗ ಬಟ್ಟ ಮಾಡಿ ತೋರಸ್ತಾರ. ಊಟಕ್ಕ ಬರೋ ಮಂದೀನೂ ಕಡಿಮಿ ಆಗ್ಯಾರ. ನೀವು ನನಗ ಮರ್ಯಾದಿ ಕೊಟ್ರಿ, ಖರೇ. ಅದು ನನಗ ಹೊರಾಕ ಆಗವಲ್ದು.”

“ನೀವು ಪಾಳಿ ಬಿಟ್ಟು ಹೋದ್ರ ನಾ ಸೋತಂಗ.”

“ನೀವು ನನ್ನ ಒಂದ ಮಾತು ಕೇಳಿದ್ರೇನ್ರಿ ಅವತ್ತ? ನಾ ನಿಂದರ್ತೀನಿ ಅಂದಿದ್ದೆ” ಎಂದಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಆಯಾಸವಿತ್ತು. “ಮಧ್ಯಾಹ್ನ ಬರೂದು ನನಗ ರೂಢಿ ಇತ್ತು ಭಾಯಿ. ಬೆಳಿಗ್ಗಿ ಬಂದದ್ದ ತಪ್ಪಾತು.”

ಅವಳು ಹೋದ ಮೇಲೆ ಅವನು ಒರಳನ್ನು ಒಣಬಟ್ಟೆಯಿಂದ ಒರೆಸಿದ. ಅದರಲ್ಲಿ ಒರೆಸಲು ಏನೂ ಇರಲಿಲ್ಲ.

ಅದೇ ವರ್ಷ ಆಗಸ್ಟ್ ೧೫, ಮಂಗಳವಾರ, ವೇದಿಕೆಯವರು ಹಾವೇರಿಯ ಸಭಾಭವನವೊಂದರಲ್ಲಿ ಮಾಜಿ ಸೈನಿಕರ ಸನ್ಮಾನವನ್ನು ಏರ್ಪಡಿಸಿದರು. ಸನ್ಮಾನಿತರಲ್ಲಿ ಫಕ್ಕೀರಪ್ಪನೂ ಒಬ್ಬ. ಅವನು ಬರುವುದಿಲ್ಲವೆಂದು ನಾನು ಎಣಿಸಿದ್ದೆ. ಬಂದ, ಸಮವಸ್ತ್ರದಲ್ಲೇ ಬಂದ. ಆರತಿ ಎತ್ತಿದವರಲ್ಲಿ ಶ್ರೀದೇವಿಬಾಯಿಯವರೂ ಇದ್ದರು. ಅವನ ಹಣೆಗೆ ತಿಲಕವಿಟ್ಟಾಗ ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಸಾಹುಕಾರರು ಭಾಷಣ ಮಾಡಿದರು. ಸೈನಿಕನಿಗೆ ಜಾತಿಯಿಲ್ಲ, ಮತವಿಲ್ಲ. ಒಂದೇ ಪಾತ್ರೆಯ ಅನ್ನ, ಒಂದೇ ಸಾಲಿನ ಊಟ. ನಾವೆಲ್ಲರೂ ಅವನಿಂದ ಕಲಿಯಬೇಕಾದದ್ದು ಅದನ್ನೇ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಎರಡು ಮಾತಾಡಲು ಫಕ್ಕೀರಪ್ಪನನ್ನು ಕರೆದರು. ಅವನು ಹೊದಿಸಿದ ಶಾಲನ್ನು ತೆಗೆದು, ನಾಲ್ಕು ಮೂಲೆ ಕೂಡಿಸಿ ಮಡಚಿ, ಕುರ್ಚಿಯ ಮೇಲಿಟ್ಟು ಧ್ವನಿವರ್ಧಕದ ಮುಂದೆ ನಿಂತ.

“ನಾಳಿ ಮುಂಜಾನಿ ಗಿರಣಿ ತಗದಿರತೈತ್ರಿ. ಎಲ್ಲಾರೂ ಬರ್ರಿ.”

ಅಷ್ಟೇ ಹೇಳಿ ಸೆಲ್ಯೂಟ್ ಹೊಡೆದ. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಅಂದು ತೆಗೆದ ಭಾವಚಿತ್ರವೇ ಈಗ ಫಲಕದ ಮೇಲಿರುವುದು.

ಮರುದಿನ ಬುಧವಾರ. ಗಿರಣಿ ತೆರೆದಿತ್ತು. ಬಾಗಿಲ ಬಳಿಯ ಮೊಳೆಗಳಲ್ಲಿ ಬಿಲ್ಲೆಗಳು ಒಂದರಿಂದ ಕ್ರಮವಾಗಿ ತೂಗುತ್ತಿದ್ದವು. ಅವನು ಯಂತ್ರಕ್ಕೆ ಎಣ್ಣೆ ಬಿಟ್ಟು ಕಾದ. ಮಧ್ಯಾಹ್ನ ಒಬ್ಬನೇ ಒಬ್ಬ ಬಂದು, ಚಿಲ್ಲರೆ ಇದೆಯೇ ಎಂದು ಕೇಳಿ ಹೋದ.

ಅಕ್ಟೋಬರ್ ೧, ಭಾನುವಾರ, ಬ್ಯಾಡಗಿಯಲ್ಲಿ ವೇದಿಕೆಯ ಸಭೆ ಸೇರಿತು. ಅವನ ಕೋರಿಕೆಯ ಮೇರೆಗೆ ನಾನೂ ಜೊತೆಗೆ ಹೋಗಿದ್ದೆ. ಸಭೆ ನಡೆದದ್ದು ಸಾಹುಕಾರರ ದಲಾಲಿ ಅಂಗಡಿಯ ಮಾಳಿಗೆಯ ಮೇಲೆ. ಮಾಲು ಬರುವ ಕಾಲವಲ್ಲವಾದರೂ ಹಳೆಯ ಘಾಟು ಗೋಡೆಗಳಲ್ಲೇ ಇತ್ತು. ಬಂದವರೆಲ್ಲ ಕೆಮ್ಮುತ್ತ ಮಾತಾಡಿದರು. ಗಿರಣಿಯನ್ನು ಎರಡು ಬಾಗಿಲಿನದಾಗಿ ಮಾಡಿ, ಇನ್ನೊಬ್ಬ ಮಾಜಿ ಸೈನಿಕ ಸಿಗುವವರೆಗೆ ಸಾಹುಕಾರರ ಅಳಿಯ ಚನ್ನೇಶನ ಸುಪರ್ದಿಗೆ ಕೊಡುವುದೆಂದು ತೀರ್ಮಾನವಾಯಿತು. ಫಕ್ಕೀರಪ್ಪನನ್ನು ಕೈಬಿಡಬಾರದೆಂದು ಎಲ್ಲರೂ ಹೇಳಿದರು.

“ನೀ ಬಾಗಲದಾಗ ಇರು” ಎಂದರು ಸಾಹುಕಾರರು, ಮೃದುವಾಗಿಯೇ. “ಟೊಪಗಿ ಹಾಕ್ಕೊಂಡ ಕುಂದರು. ಬಂದಾವ್ರಿಗೆ ನೀವು ಮುಂದ ಹೋಗ್ರಿ, ನೀವು ಹಿಂದ ಹೋಗ್ರಿ ಅನ್ನು. ಮಿಲ್ಟ್ರಿಯಾಂವ ಹೇಳಿದ್ರ ಯಾರೂ ಎದರಾಡೂದಿಲ್ಲ. ಪಗಾರ ಕೊಡ್ತೀವಿ.”

ಫಕ್ಕೀರಪ್ಪ ಕೀಲಿಕೈಯನ್ನು ಮೇಜಿನ ಮೇಲಿಟ್ಟ. “ಬಿಲ್ಲೆ ನಂದ್ರಿ. ಅವನ್ನ ಒಯ್ತೀನಿ” ಎಂದ. ಯಾರೂ ಬೇಡವೆನ್ನಲಿಲ್ಲ.

ಮರುವರ್ಷ, ಎಂದರೆ ೨೦೨೪ರ ಫೆಬ್ರುವರಿಯಲ್ಲಿ, ಗಿರಣಿ ಹೊಸ ಫಲಕದೊಂದಿಗೆ ಮತ್ತೆ ಆರಂಭವಾಯಿತು. ಶ್ರೀದೇವಿಬಾಯಿಯವರು ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಸಿಮ್ರಾನಳೂ ಹಿಂದಿನ ಬಾಗಿಲಿನಿಂದ ಬರತೊಡಗಿದಳು. ಕಾಲಿಡಲು ಜಾಗವಿರಲಿಲ್ಲ. ಆ ಬೇಸಿಗೆಯ ಒಂದು ಸಂಜೆ ಚನ್ನೇಶ ನಮ್ಮ ಕಟ್ಟೆಗೆ ಬಂದು ಕುಳಿತು, ಬೆವರೊರೆಸಿಕೊಳ್ಳುತ್ತ, ತಾನಾಗಿಯೇ ನಗತೊಡಗಿದ.

“ಸರ, ನಿಮಗೊಂದು ಗಮ್ಮತ್ತ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ್ರಿ. ಹಿಂದಿನ ಮಷೀನಿನ ಮೋಟಾರ್ ಸುಟ್ಟ ಎಷ್ಟೋ ದಿನ ಆತು. ರಿಪೇರಿಗೆ ಹಾಕಾಕ ಪುರಸೊತ್ತಿಲ್ಲ. ಹಿಂದಿನ ಬಾಗಲದಾಗ ಇಸಗೊಂಡದ್ದನ್ನೂ ಪರದೆ ಮರೀಗೆ ತಂದು ಮುಂದಿನದರಾಗ ಕುಟ್ಟಾಕತ್ತೇನಿ. ಯಾರ ಖಾರದಾಗ ಯಾರದ ಐತೋ ಆ ಶಿವಗ ಗೊತ್ತು!”

“ಯಾರೂ ಕೇಳಲಿಲ್ಲವೆ?”

“ಬಾಗಲಾ ಎರಡ ಅದಾವಲ್ರಿ ಸರ. ಮತ್ತೇನ ಕೇಳ್ತಾರ?”

ಅವನು ಒರಳು ಒರೆಸುವುದೂ ಇಲ್ಲವೆಂಬುದನ್ನು ನಾನು ಬಲ್ಲೆ. ಯಾರ ಮುಂದೆಯೂ ಆಡೆನೆಂದು ನಾನು ಮಾತು ಕೊಟ್ಟಿರಲಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

ಫಕ್ಕೀರಪ್ಪನನ್ನು ನಾನು ಮತ್ತೆ ಕಂಡದ್ದು ೨೦೨೪ನೆಯ ಇಸವಿ ಜೂನ್ ೭ರಂದು, ಶುಕ್ರವಾರ, ರಾಣೆಬೆನ್ನೂರಿನಲ್ಲಿ. ಮೃಗಶಿರಾ ಮಳೆಯ ಹೊತ್ತು. ಕಣ್ಣಿನ ವೈದ್ಯರನ್ನು ಕಂಡು ನಿಲ್ದಾಣದ ಕಡೆಗೆ ಬರುತ್ತಿದ್ದೆ. ಬೀಜದ ಕಂಪನಿಯೊಂದರ ಗೋದಾಮಿನ ಮುಂದೆ ರೈತರ ಸಾಲು ರಸ್ತೆಯ ತಿರುವಿನವರೆಗೆ ನಿಂತಿತ್ತು. ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ನಿಂತವನನ್ನು ನಾನು ಮುಖದಿಂದಲ್ಲ, ನಿಲುವಿನಿಂದ ಗುರುತಿಸಿದೆ. ಮೈ ಇಳಿದಿತ್ತು. ರೈತರ ಕೈಗಳಲ್ಲಿ ತಗಡಿನ ಬಿಲ್ಲೆಗಳಿದ್ದವು.

ಅವನು ನನ್ನನ್ನು ನೋಡಿರಲಿಲ್ಲ. ನಾನು ರಸ್ತೆಯ ಈಚೆ ನಿಂತೆ.

ಅಷ್ಟರಲ್ಲಿ ಬಿಳಿಯ ಕಾರೊಂದು ಬಂದು ಗೇಟಿನ ಮುಂದೆ ಹಾರ್ನ್ ಮಾಡಿತು. ಒಳಗಿನಿಂದ ಮ್ಯಾನೇಜರು ಕೂಗಿದ: “ಏ ಫಕ್ಕೀರಪ್ಪಾ, ಗೇಟ್ ತಗಿ. ಗೌಡ್ರ ಬಂದಾರ, ಅವರದ ಮೊದಲ ಆಗಲಿ.”

ಫಕ್ಕೀರಪ್ಪ ಕಾರನ್ನು ನೋಡಿದ. ಸಾಲನ್ನು ನೋಡಿದ. ಸಾಲಿನ ತಲೆಯಲ್ಲಿ, ತಲೆಗೆ ಟವ್ವೆಲ್ ಸುತ್ತಿಕೊಂಡು ಒಬ್ಬ ಮುದುಕ ನಿಂತಿದ್ದ. ಆ ಕ್ಷಣ, ಏಪ್ರಿಲ್ ೪ರ ಬೆಳಿಗ್ಗೆ ಗಿರಣಿಯಲ್ಲಿ ಕೇಳಿದ ಮಾತನ್ನೇ ಅವನು ಮತ್ತೆ ಕೇಳುತ್ತಾನೆಂದು ನಾನು ಕಾದೆ. ಹೆಂಗ ಅಂದ್ರ ಏನ್ರಿ? ಅವನ ತುಟಿ ಅಲುಗಿದಂತೆಯೂ ಕಂಡಿತು.

ಅವನು ಅಗಳಿ ತೆಗೆದು, ಗೇಟನ್ನು ಎರಡೂ ಬದಿಗೆ ಸರಿಸಿ, ಕಾರು ಒಳಗೆ ಹೋಗುವವರೆಗೆ ಸೆಲ್ಯೂಟಿನಲ್ಲಿ ನಿಂತ. ಮತ್ತೆ ಗೇಟು ಹಾಕಿದ.

“ಯಪ್ಪಾ, ನಂದು ಒಂದನೇದು ಅಂದಿದ್ದಿ” ಎಂದ ಮುದುಕ, ಬಿಲ್ಲೆಯನ್ನು ಮುಂದೆ ಹಿಡಿದು.

“ಹೌದಜ್ಜಾ, ಒಂದನೇದ. ಹಿಡ್ಕೊಂಡ ನಿಂದರು” ಎಂದ ಫಕ್ಕೀರಪ್ಪ. ಸ್ವಲ್ಪ ತಡೆದು, ಯಾರಿಗೂ ನೋವಾಗದ ದನಿಯಲ್ಲಿ, “ನೀ ತಡಿ” ಎಂದ.